ಹಾಲು ಬಿಡುವವರೆಗೆ

ನನ್ನ ಕಿರಿಯ ಮಗ ಗಾಳೆಪ್ಪ ಜರ್ಮನ್ ಯುದ್ಧ ಮುಗಿದ ವರ್ಷದ ದೊಡ್ಡ ಜ್ವರದಲ್ಲಿ ಹೋದ. ಅವನ ಹೆಂಡತಿ ಭರಮಮ್ಮನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ವರ್ಷ ಕಳೆದ ಮೇಲೆ ಕಮಲಾಪುರದವನೊಬ್ಬ ಅವಳಿಗೆ ಸೀರೆ ಉಡಿಸಿ, ಕೂಡಿಕೆ ಮಾಡಿಕೊಂಡು ಕರೆದುಕೊಂಡು ಹೋದ. ನಮ್ಮ ಜನರಲ್ಲಿ ಅದಕ್ಕೆ ಅಡ್ಡಿಯಿಲ್ಲ. ಆದರೆ ಕೂಸು ಸತ್ತವನ ಮನೆಯದು. ಮೊಮ್ಮಗಳು ಹೊಳೆಮ್ಮ ಇನ್ನೂ ಮೊಲೆ ಕುಡಿಯುತ್ತಿದ್ದುದರಿಂದ, ಹಾಲು ಬಿಡುವವರೆಗೆ ತಾಯಿಯ ಹತ್ತಿರ ಇರಲಿ, ಆಮೇಲೆ ನಮ್ಮೂರು ಕಂಪ್ಲಿಗೆ ತರಬೇಕು ಎಂದು ಹಿರಿಯರು ಕಟ್ಟೆಯ ಮೇಲೆ ಕೂತು ತೀರ್ಮಾನ ಮಾಡಿದರು. ಎಷ್ಟು ದಿನ ಎಂದು ಯಾರೂ ಹೇಳಲಿಲ್ಲ. ಗಂಡಸರಿಗೆ ಅದೆಲ್ಲ ಎಲ್ಲಿ ಹೊಳೆಯಬೇಕು.

ಭರಮಮ್ಮ ಹಾಲು ಬಿಡಿಸಲೇ ಇಲ್ಲ. ಹೊಳೆಮ್ಮನಿಗೆ ನಾಲ್ಕು ತುಂಬಿತು. ಹಿರಿಯ ಮಗ ಉಜ್ಜಿನಪ್ಪ ತಿಂಗಳಿಗೊಮ್ಮೆ ನನ್ನನ್ನು ಜಡೆಪ್ಪನ ಬಂಡಿ ಹತ್ತಿಸಿ, ಹಾಲು ಬಿಟ್ಟಳೇನು ನೋಡಿ ಬಾ ಎಂದು ಕಳಿಸುತ್ತಿದ್ದ. ಹೋಗಿ ಬರುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗುತ್ತಿತ್ತು. ಭರಮಮ್ಮ ಗದ್ದೆಯಿಂದ ಬಂದವಳೇ ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು ನನ್ನೆದುರೇ ಕುಡಿಸುತ್ತಿದ್ದಳು. ದಣಿದು ಅವಳ ಕಣ್ಣುಗಳು ಒಳಗೆ ಹೋಗಿದ್ದವು. ಆದರೂ ನನಗೆ ಸಿಟ್ಟು ಬರುತ್ತಿತ್ತು. ನನ್ನ ಮಗನ ಮುಖ ಉಳಿದಿರುವುದು ಅದೊಂದೇ ಕೂಸಿನಲ್ಲಿ. ನನಗೂ ಅದು ಬೇಕಿತ್ತು.

ಈ ಸಲ ಹೊಳೆಮ್ಮನ ಕೈಗೆ ಮಂಡಕ್ಕಿ ಬೆಲ್ಲ ಕೊಟ್ಟು, ದೊಡ್ಡವಳಾದೆಯಲ್ಲ ಎಂದು ನಾನೇ ಹೊಗಳಿದೆ. ಹುಡುಗಿ ಹಿಗ್ಗಿಬಿಟ್ಟಳು. ತಾಯಿ ಹತ್ತಿರ ಎಳೆದುಕೊಂಡರೆ ಎದೆಗೆ ಕೈಯಿಟ್ಟು ದೂಡಿದಳು.

"ಬ್ಯಾಡ. ನಾ ದೊಡ್ಡಾಕಿ ಆಗೀನಿ."

ಭರಮಮ್ಮ ಇನ್ನೊಮ್ಮೆ ಕರೆಯಲಿಲ್ಲ. ಎದ್ದು ಮಗಳ ಎರಡು ಲಂಗ ಗಂಟು ಕಟ್ಟಿ ತಂದು ಬಂಡಿಯಲ್ಲಿಟ್ಟಳು.

"ಒಬ್ಬಾಕಿನ್ನ ಮಲಗಸಬ್ಯಾಡ್ರಿ ಅತ್ತಿ, ಅಂಜತಾಳ," ಎಂದಳು. ನನ್ನ ಮುಖ ನೋಡಲಿಲ್ಲ.

ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಊರು ದಾಟಿ ಒಂದು ಹರದಾರಿ ಬಂದಿರಬೇಕು. ಬಿಸಿಲಿಗೆ ತೂಕಡಿಸುತ್ತಿದ್ದ ಹೊಳೆಮ್ಮ, ಅವ್ವಾ ಎನ್ನುತ್ತ ನನ್ನ ಸೆರಗಿನೊಳಗೆ ಮುಖ ಒತ್ತಿ ಹುಡುಕತೊಡಗಿದಳು. ಬತ್ತಿ ಇಪ್ಪತ್ತು ವರ್ಷವಾದ ಎದೆ. ಏನೂ ಸಿಗದೆ ಬಿಕ್ಕಿ ಬಿಕ್ಕಿ ಅತ್ತಳು. ಇವಳನ್ನು ಎತ್ತಿ ಆಡಿಸುವವರು ಕಟ್ಟೆಯ ಹಿರಿಯರಲ್ಲ, ಉಜ್ಜಿನಪ್ಪನೂ ಅಲ್ಲ, ನಾನು. ನನ್ನ ಹತ್ತಿರ ಏನಿದೆ ಕೊಡಲಿಕ್ಕೆ? ನನಗೆ ಸಾಕಾಗಿಹೋಯಿತು.

ಬಂಡಿ ತಿರುಗಿಸು ಎಂದೆ. ಜಡೆಪ್ಪ ಎತ್ತು ನಿಲ್ಲಿಸಿ, ಉಜ್ಜಿನಪ್ಪನಿಗೆ ಏನು ಹೇಳುತ್ತೀರಿ ಎಂದು ಕೇಳಿದ.

"ಇನ್ನೂ ಹಾಲು ಬಿಟ್ಟಿಲ್ಲ ಅಂತೀನಿ. ನಿನ್ನ ಕಣ್ಣೆದುರಿಗೇ ಐತಲ್ಲ," ಎಂದೆ. "ನಡಿ ಜಲ್ದಿ, ಕೂಸಿಗೆ ಹಸಿವಾಗೈತಿ."