ಕೊರತೆ ಏನೂ ಇಲ್ಲ

ಇಸ್ತ್ರಿ ಅಕ್ಕನ ನೆನಪಿನ ಶಕ್ತಿ ಆ ಬೀದಿಯಲ್ಲೆಲ್ಲ ಮನೆಮಾತು. ಅರವತ್ತು ಮನೆಯ ಬಟ್ಟೆ ಬಂದು ಬಿದ್ದರೂ ಒಂದಕ್ಕೂ ಗುರುತಿನ ಚೀಟಿ ಕಟ್ಟುವವಳಲ್ಲ. ಕಾಲರು ಸವೆದ ಬಗೆ ನೋಡಿ ಇದು ಮೂಲೆಮನೆ ಗುಮಾಸ್ತರದು, ಜೇಬಿನ ಶಾಯಿ ಕಲೆ ನೋಡಿ ಇದು ಅವರ ತಮ್ಮನದು ಎಂದು ವಿಂಗಡಿಸಿಬಿಡುತ್ತಿದ್ದಳು. ಒಮ್ಮೆ ಕಿವಿಗೆ ಬಿದ್ದದ್ದು ಅವಳ ತಲೆಯಿಂದ ಆಚೆ ಹೋಗಿದ್ದೇ ಇಲ್ಲ. ಇಂಥವಳಿಗೆ ಅಕ್ಷರ ಮಾತ್ರ ಯಾಕೆ ಹತ್ತಲಿಲ್ಲ ಅಂದರೆ, ಹತ್ತುವ ಅಗತ್ಯವೇ ಬೀಳದಂತೆ ಆ ನೆನಪೇ ಅವಳನ್ನು ಕಾಪಾಡಿಕೊಂಡು ಬಂದಿತ್ತು. ಕಾಪಾಡಿತ್ತು ಅನ್ನಬೇಕೋ ಕೆಡಿಸಿತ್ತು ಅನ್ನಬೇಕೋ, ನೀವೇ ಹೇಳಿ.

ವಾಚನಾಲಯದ ಮೇಲಿನ ಕೋಣೆಯಲ್ಲಿ ದೊಡ್ಡವರಿಗೆ ಸಂಜೆ ಪಾಠ ಶುರುವಾದಾಗ ಅಕ್ಕ ಮೊದಲ ದಿನವೇ ಹೋಗಿ ಮುಂದಿನ ಬೆಂಚಿನಲ್ಲಿ ಕೂತಳು. ಐವತ್ತೆರಡನೇ ವಯಸ್ಸಿಗೆ ಅವಳಿಗಿದ್ದದ್ದು ಒಂದೇ ಆಸೆ. ಸಾಯುವುದರೊಳಗೆ ಒಂದು ಪುಟವನ್ನಾದರೂ ಯಾರ ಹಂಗೂ ಇಲ್ಲದೆ ಓದಬೇಕು. ಟೀಚರಮ್ಮ ಅವಳ ಮಗಳ ವಯಸ್ಸಿನವಳು, ಬೆಣ್ಣೆಯಂಥ ಮನಸ್ಸು. ಅವಳು ಒಂದು ಸಾಲು ಓದಿದರೆ ಹದಿನಾಲ್ಕು ಜನ ಒಟ್ಟಿಗೆ ಅದನ್ನೇ ಹೇಳುತ್ತಿದ್ದರು. ನಾಲ್ಕು ಸಲ ಹೇಳುವಷ್ಟರಲ್ಲಿ ಪಾಠ ಅಕ್ಕನ ನಾಲಿಗೆಯ ಮೇಲೆ ಕೂತಿರುತ್ತಿತ್ತು. ಕಣ್ಣು ಪುಸ್ತಕದ ಮೇಲಿದ್ದರೂ ಓದುತ್ತಿದ್ದದ್ದು ಕಿವಿ. ಬಿಡಿ ಅಕ್ಷರ ಹೇಗೋ ಗುರುತು ಸಿಗುತ್ತಿತ್ತು. ಒತ್ತಕ್ಷರ ಬಂದರೆ ಕಣ್ಣಿಗೆ ಕತ್ತಲೆ. ಸ್ವಲ್ಪ ನಿಧಾನ ಮಾಡಿ ಎಂಬ ಮಾತು ಎಷ್ಟೋ ಸಲ ಬಾಯಿವರೆಗೆ ಬಂದಿತ್ತು. ಆದರೆ ಪಕ್ಕದಲ್ಲಿ ಗಾರೆ ಮೇಸ್ತ್ರಿ, ಹಿಂದೆ ಆಸ್ಪತ್ರೆ ಆಯಾ, ಎಲ್ಲರೂ ಗಟ್ಟಿ ದನಿಯಲ್ಲಿ ಹೇಳುತ್ತಿರುವಾಗ ತಾನೊಬ್ಬಳೇ ಬರಲ್ಲ ಅನ್ನುವುದು ಹೇಗೆ?

ವರ್ಷ ತುಂಬುತ್ತಾ ಬಂದಾಗ ಟೀಚರಮ್ಮ ಹೇಳಿದಳು: "ಸೋಮವಾರ ಕಚೇರಿಯಿಂದ ಜನ ಬರ್ತಾರೆ. ಪಾಠ ಹೇಗಿದೆ, ಏನು ಬದಲಾಯಿಸಬೇಕು ಅಂತ ನಿಮ್ಮನ್ನೇ ಕೇಳ್ತಾರೆ. ದಯವಿಟ್ಟು ನನ್ನನ್ನ ಹೊಗಳಬೇಡಿ. ಏನು ಬಂದಿಲ್ಲ, ಎಲ್ಲಿ ಕಷ್ಟ ಆಗ್ತಿದೆ, ಅದನ್ನ ಹೇಳಿ. ನೀವು ಹೇಳಿದ್ರೇನೇ ಮುಂದಿನ ವರ್ಷದ ಪಾಠ ಸರಿ ಮಾಡೋಕಾಗೋದು."

ಇಷ್ಟು ಬಿಡಿಸಿ ಹೇಳಿದ ಮೇಲೂ ನಮ್ಮ ಅಕ್ಕನ ತಲೆಗೆ ಹೋದದ್ದೇ ಬೇರೆ. ಪಾಪ, ಹುಡುಗಿ ಸಂಕೋಚಕ್ಕೆ ಹಾಗನ್ನುತ್ತಾಳೆ. ಕಚೇರಿಯವರ ಮುಂದೆ ತಪ್ಪು ಎತ್ತಿ ಆಡಿದರೆ ಅವಳ ಕೆಲಸಕ್ಕೇ ಕುತ್ತು. ಉಂಡ ಮನೆಯ ಜಂತೆ ಎಣಿಸುವವಳೇ ನಾನು? ಹೀಗೆ ಭಾನುವಾರವೆಲ್ಲ ಯೋಚಿಸಿದಳು.

ಸೋಮವಾರ ಮೂವರು ಬಂದರು. ಹಿರಿಯ ಅಧಿಕಾರಿ ಕನ್ನಡಕ ಹಣೆಗೇರಿಸಿ ಕೇಳಿದರು: "ಸಂಕೋಚ ಬೇಡ. ಕೊರತೆ ಏನಾದ್ರೂ ಇದ್ರೆ ಧಾರಾಳವಾಗಿ ಹೇಳಿ."

ಅಕ್ಕ ಎದ್ದು ನಿಂತಳು.

"ಕೊರತೆ ಏನೂ ಇಲ್ಲ ಸಾರ್. ನಮ್ಮ ಟೀಚರಮ್ಮನಿಂದ ಹೆಬ್ಬೆಟ್ಟು ಒತ್ತೋರೆಲ್ಲ ಓದೋ ಹಾಗಾಗಿದೀವಿ. ಬೇಕಾದ್ರೆ ನೋಡಿ."

ಪುಸ್ತಕ ಬಿಡಿಸಿ ಕುಡಿಯುವ ನೀರಿನ ಪಾಠ ಶುರು ಮಾಡಿದಳು. ಅರಳು ಹುರಿದಂತೆ ಓದಿದಳು. ನಿಲ್ಲಬೇಕಾದಲ್ಲಿ ನಿಂತು, ಪ್ರಶ್ನೆ ಬಂದಲ್ಲಿ ದನಿ ಏರಿಸಿ, ಕೊನೆವರೆಗೂ ಎಲ್ಲೂ ತಡವರಿಸಲಿಲ್ಲ. ಬಂದವರು ಚಪ್ಪಾಳೆ ತಟ್ಟಿದರು. ಟೀಚರಮ್ಮ ಮಾತ್ರ ಕಿಟಕಿಯ ಕಡೆ ತಿರುಗಿ ನಿಂತಿದ್ದಳು. ಆಮೇಲೆ ಉಳಿದ ಹದಿಮೂರು ಜನರನ್ನೂ ಕೇಳಿದರು. ಹದಿಮೂರು ಜನವೂ "ಚೆನ್ನಾಗಿದೆ" ಅಂದರು. ಆ ದಿನ ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹದಿನೈದು ದಿನಕ್ಕೆ ಆದೇಶ ಬಂತು. ಇಲ್ಲಿನವರ ಕಲಿಕೆ ಪೂರ್ಣಗೊಂಡಿದೆಯಂತೆ. ತರಗತಿ ಬಂದ್. ಟೀಚರಮ್ಮನಿಗೆ ಊರಾಚೆಯ ಇನ್ನೊಂದು ಬಡಾವಣೆಗೆ ವರ್ಗ. ಹೊರಡುವ ಮುನ್ನ ಅವಳು ಇಸ್ತ್ರಿ ಅಂಗಡಿಗೆ ಬಂದಳು.

"ಅಕ್ಕ, ಆ ಪಾಠ ಮೂರು ಪುಟ ಇದೆ. ನೀವು ಪುಟ ತಿರುಗಿಸ್ಲೇ ಇಲ್ಲ."

ಇಸ್ತ್ರಿಪೆಟ್ಟಿಗೆ ನಿಂತಲ್ಲೇ ನಿಂತಿತು. ಬಟ್ಟೆ ಸೀದ ವಾಸನೆ ಬಂದ ಮೇಲೆ ಅಕ್ಕ ಅದನ್ನು ಎತ್ತಿದಳು.

"ಗೊತ್ತಿದ್ದೂ ಯಾಕಮ್ಮ ಸುಮ್ಮನಿದ್ರಿ?"

"ಎಲ್ಲರ ಮುಂದೆ ನಿಮ್ಮ ಮಾನ ಕಳೀಲಾ? ಆಮೇಲೆ ಕಚೇರಿಗೆ ಹೋಗಿ ಹೇಳ್ದೆ. ಕಲಿಯೋರೇ ಎಲ್ಲ ಬಂತು ಅಂತಿದಾರೆ, ನಿಮ್ದೇನು ಅಂದ್ರು."

ನಾಲ್ಕು ಮಾತು ಬೈದಿದ್ದರೆ ಅಕ್ಕನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಹುಡುಗಿ ಬೈಯಲಿಲ್ಲ. ಅಕ್ಕನ ಕೈ ಒಮ್ಮೆ ಹಿಡಿದು, ಹೊರಟುಹೋದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದು ಇಂಥವರನ್ನು ನೋಡಿಯೇ.

ಶಿಕ್ಷೆ ಅಲ್ಲಿಗೆ ಮುಗಿಯಲಿಲ್ಲ. ಅಕ್ಕ ಈಗ ಬೀದಿಗೇ ಓದು ಬಲ್ಲವಳು. ಆಯಾ ಕರೆಂಟ್ ಬಿಲ್ ತಂದಳು. ಕನ್ನಡಕ ಒಡೆದಿದೆ ಅಂದು ಅಕ್ಕ ಜಾರಿಕೊಂಡಳು. ಮತ್ತೊಬ್ಬರು ಮಗನ ಶಾಲೆಯ ಪತ್ರ ತಂದರು, ತಲೆನೋವು ಅಂದಳು. ಹೀಗೆ ಒಂದು ತಿಂಗಳು ತಪ್ಪಿಸಿಕೊಂಡು ತಿರುಗಿದ ಮೇಲೆ ಒಂದು ಮಧ್ಯಾಹ್ನ ಗಾರೆ ಮೇಸ್ತ್ರಿ ಬಂದ. ಕೈಯಲ್ಲಿ ಮೂರು ಪುಟ್ಟ ಸೀಸೆ, ಒಂದು ಹಾಳೆ.

"ಅಕ್ಕ, ಮನೆಯವಳಿಗೆ ಕಣ್ಣಿನ ಆಪರೇಷನ್ ಆಯ್ತು. ಯಾವ ಔಷಧಿ ಯಾವಾಗ ಹಾಕ್ಬೇಕು ಅಂತ ಇದ್ರಲ್ಲಿ ಬರೆದಿದಾರಂತೆ. ತಿಳೀತಾ ಅಂತ ನರ್ಸಮ್ಮ ಕೇಳಿದ್ರು, ಹೂಂ ಅಂದ್ಬಿಟ್ಟೆ. ನೀವಾದ್ರೆ ಓದ್ತೀರಲ್ಲ."

ಅಕ್ಕ ಹಾಳೆ ಹಿಡಿದು ನೋಡಿದಳು. ಅವಳ ಅತ್ತೆಗೂ ಹಿಂದೆ ಇದೇ ಆಪರೇಷನ್ ಆಗಿತ್ತು. ಬಿಳಿ ಮುಚ್ಚಳದ್ದು ಬೆಳಿಗ್ಗೆ ಸಂಜೆ, ಕೆಂಪು ಮುಚ್ಚಳದ್ದು ನಾಲ್ಕು ಹೊತ್ತು. ಎಲ್ಲ ನೆನಪಿದೆ. ಅದನ್ನೇ ಹೇಳಿಬಿಟ್ಟರೆ ಮರ್ಯಾದೆ ಉಳಿಯುತ್ತದೆ. ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತು. ಆದರೆ ಇದು ಇನ್ನೊಬ್ಬಳ ಕಣ್ಣು.

"ಮೇಸ್ತ್ರಿ, ನನಗೆ ಓದೋಕೆ ಬರಲ್ಲ."

ಅವನು ನಕ್ಕ. "ತಮಾಷೆ ಮಾಡ್ಬೇಡಿ ಅಕ್ಕ."

"ಅವತ್ತು ಒಪ್ಪಿಸಿದ್ದು ಬಾಯಿಪಾಠ. ಒಂದಕ್ಷರಾನೂ ನೋಡಿ ಓದ್ಲಿಲ್ಲ."

ಮೇಸ್ತ್ರಿಯ ನಗು ಅಲ್ಲೇ ನಿಂತಿತು. ಅಕ್ಕ ಅಂಗಡಿ ಮುಚ್ಚಿ ಅವನ ಜೊತೆ ಔಷಧಿ ಅಂಗಡಿಗೆ ನಡೆದಳು. ಅಲ್ಲಿಯವನು ಓದಿ ಹೇಳಿದ್ದನ್ನು ಮೂರು ಸಲ ಹೇಳಿಸಿಕೊಂಡು, ದಿನಕ್ಕೆ ಎಷ್ಟು ಸಲವೋ ಅಷ್ಟು ಗಂಟಿನ ದಾರವನ್ನು ಒಂದೊಂದು ಸೀಸೆಗೂ ಕಟ್ಟಿದಳು. ಅತ್ತೆಯ ಔಷಧಿಯ ಲೆಕ್ಕಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ.

ವಾಪಸ್ಸು ಬರುವಾಗ ತಿರುವಿನಲ್ಲಿ ಮೇಸ್ತ್ರಿ ಮೆಲ್ಲಗೆ ಅಂದ: "ಹದಿನಾಲ್ಕು ಜನದಲ್ಲಿ ನಾನೊಬ್ಬನೇ ದಡ್ಡ ಅಂದ್ಕೊಂಡಿದ್ದೆ ಅಕ್ಕ. ಆ ಸೋಮವಾರ ಧೈರ್ಯ ಮಾಡಿ ಹೇಳೇಬಿಡೋಣ ಅಂತ ದಾರಿಯುದ್ದಕ್ಕೂ ಮಾತು ಜೋಡಿಸ್ಕೊಂಡು ಬಂದಿದ್ದೆ. ನೀವು ಎದ್ದು ಹಾಗೆ ಓದಿದ್ಮೇಲೆ ಬಾಯೇ ಕಟ್ಟಿಹೋಯ್ತು."

"ಏನು ಹೇಳ್ಬೇಕು ಅಂತಿದ್ರಿ?"

"ನನಗಿನ್ನೂ ಬಂದಿಲ್ಲ, ಇನ್ನೊಂದು ವರ್ಷ ಬೇಕು ಅಂತ."

ಉಳಿದ ಹನ್ನೆರಡು ಜನರಲ್ಲಿ ಇನ್ನೆಷ್ಟು ಮಂದಿ ಹೀಗೆಯೇ ಮಾತು ಜೋಡಿಸಿಕೊಂಡು ಬಂದಿದ್ದರೋ, ಅವರನ್ನು ಕೇಳುವ ಧೈರ್ಯ ಅಕ್ಕನಿಗೆ ಕೊನೆಗೂ ಬರಲಿಲ್ಲ.