ರಂಗೋಲಿ ಹಿಡಿದು ಹೋದ ಗಾಡಿ

ಟೆಂಟ್ ಸಿನಿಮಾದ ಆಪರೇಟರನಿಗೆ ಹಗಲು ಹೊತ್ತು ಕೆಲಸ ಕಡಿಮೆ. ಪ್ರೊಜೆಕ್ಟರಿನ ಧೂಳು ಒರೆಸಿ, ಹರಿದ ರೀಲು ಅಂಟಿಸಿ, ಒಂದು ಬೀಡಿ ಹಚ್ಚಿಕೊಂಡು ಕೂತರೆ ಸಂಜೆಯವರೆಗೆ ಊರೆಲ್ಲ ನಮ್ಮದೇ. ೧೯೬೩ರಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಶಿಡ್ಲಘಟ್ಟದ ನಮ್ಮ ಟೆಂಟಿನೊಳಗೆ ನಾನು ಹಾಗೆ ಕೂತಿದ್ದಾಗ ಲಕ್ಷ್ಮಯ್ಯ ಬಂದ. ಬಸ್‌ಸ್ಟ್ಯಾಂಡಿನ ಹಿಂದೆ ಅವನ ಅಂಗಡಿ. ಬಾವಿಯ ಪಂಪುಸೆಟ್ಟಿನ ಮೋಟಾರು ಸುಟ್ಟರೆ ತಂತಿ ಬಿಚ್ಚಿ ಹೊಸದಾಗಿ ಸುತ್ತಿಕೊಡುವುದು ಅವನ ಕಸುಬು. ಬಂದವನು ಕೂರಲೂ ಇಲ್ಲ.

"ಮುನಿಶಾಮಣ್ಣ, ನಿನ್ನ ಮಿಷಿನ್ನಿಂದು ಹಳೇ ಕಣ್ಣೊಂದು ಡಬ್ಬಿಲಿ ಬಿದ್ದಿತ್ತಲ್ಲ, ಅದು ಬೇಕು."

ಕಣ್ಣು ಅಂದರೆ ಫೋಟೋಸೆಲ್ಲು. ಸಿನಿಮಾ ರೀಲಿನ ಅಂಚಿನಲ್ಲಿ ಮಾತು, ಹಾಡು ಎಲ್ಲ ಬಿಳಿ ಕಪ್ಪು ಗೆರೆಯಾಗಿ ಅಚ್ಚಾಗಿರುತ್ತದೆ. ಒಂದು ಪುಟ್ಟ ದೀಪದ ಬೆಳಕು ಅದರ ಮೂಲಕ ಹಾಯುತ್ತದೆ. ಆಚೆ ಕಡೆ ಕೂತ ಈ ಗಾಜಿನ ಬುರುಡೆ ಬೆಳಕು ಬಿದ್ದಾಗ ಕರೆಂಟು ಬಿಡುತ್ತದೆ, ಕತ್ತಲಾದಾಗ ನಿಲ್ಲಿಸುತ್ತದೆ. ಅದೇ ಸ್ಪೀಕರಿನಲ್ಲಿ ಮಾತಾಗುವುದು. ನನ್ನ ಡಬ್ಬಿಯಲ್ಲಿದ್ದದ್ದು ಹಾಡನ್ನೆಲ್ಲ ಗೊಗ್ಗರು ಮಾಡುತ್ತಿತ್ತೆಂದು ತೆಗೆದಿಟ್ಟದ್ದು.

"ಅದು ಹಾಡಲ್ಲ ಕಣೋ," ಅಂದೆ.

"ನನಗೆ ಹಾಡೋದು ಬೇಡ. ಬಿಳೀದು ಯಾವುದು, ಕಪ್ಪು ಯಾವುದು ಅಂತ ಗೊತ್ತಾದ್ರೆ ಸಾಕು. ಗಾಡಿಗೆ ಇಡ್ತೀನಿ. ನೆಲದ ಮೇಲೆ ಸುಣ್ಣದ ಗೆರೆ ಎಳೆದ್ರೆ ಗೆರೆ ನೋಡ್ಕೊಂಡು ತಾನೇ ಹೋಗ್ಬೇಕು, ತಾನೇ ಬರ್ಬೇಕು. ಹಿಡಿಯೋರಿಲ್ಲ, ತಳ್ಳೋರಿಲ್ಲ."

ನನಗೆ ಬೀಡಿ ಕೈಯಲ್ಲೇ ಆರಿತು. ಎತ್ತು ಕುದುರೆ ಬಿಡಿ, ಮೋಟಾರಿಗೂ ಡ್ರೈವರು ಬೇಕಲ್ಲ. "ಯಾರಿಗೋ ಇದು?" ಅಂದೆ.

"ನಮ್ಮಕ್ಕನಿಗೆ," ಅಂದ. ಆಮೇಲೆ ಕೂತುಕೊಂಡ.

ಅವನ ಅಕ್ಕ ರಾಮಲಕ್ಷ್ಮಮ್ಮನನ್ನು ಮಂಡಿಕಲ್ ಕಡೆಯ ಒಂದು ಹಳ್ಳಿಗೆ ಕೊಟ್ಟಿತ್ತು. ಗಂಡ ಗೌರಿಬಿದನೂರಿನಲ್ಲಿ ಮೇಷ್ಟ್ರು, ಭಾನುವಾರಕ್ಕೊಮ್ಮೆ ಬರುವವರು. ಮನೆ, ಹೊಲ ಎಲ್ಲ ಗಂಡನ ಅಣ್ಣ ಆವಲಪ್ಪನವರ ಮಾತಿನ ಮೇಲೆ ನಡೆಯುತ್ತಿತ್ತು. ಬಾವಿಯ ಹತ್ತಿರದ ಹಿಪ್ಪುನೇರಳೆ ತೋಟ ಮಾತ್ರ ರಾಮಲಕ್ಷ್ಮಮ್ಮನದು ಅಂತ ಊರೇ ಹೇಳುತ್ತಿತ್ತು, ಏಕೆಂದರೆ ಕಡ್ಡಿ ನೆಟ್ಟವಳೂ ಅವಳೇ, ಆ ಸೊಪ್ಪಿನಿಂದ ರೇಷ್ಮೆ ಹುಳು ಸಾಕಿ ಹೆಸರು ತೆಗೆದವಳೂ ಅವಳೇ. ಈ ಸಲ ಹುಳು ಎರಡನೇ ಜ್ವರದಲ್ಲಿದ್ದಾಗ, ಅಂದರೆ ಎರಡನೇ ಸಲ ಪೊರೆ ಬಿಡಲು ಮಲಗಿದ್ದಾಗ, ಅವಳು ಬಾವಿಕಟ್ಟೆಯಲ್ಲಿ ಜಾರಿ ಕಾಲು ಮುರಿದುಕೊಂಡಳು. ಮೂಳೆಗೆ ಪುತ್ತೂರು ಕಟ್ಟು ಹಾಕಿಸಿ ಮಣೆ ಮೇಲೆ ಕೂರಿಸಿದ್ದರು.

ಹುಳುಮನೆಯ ಮಡಿ ಬಲ್ಲವರಿಗೆ ಗೊತ್ತು. ಸಿಕ್ಕವರೆಲ್ಲ ಒಳಗೆ ನುಗ್ಗುವ ಹಾಗಿಲ್ಲ. ಹೊಗೆಸೊಪ್ಪು ಮುಟ್ಟಿದ ಕೈ ಸೊಪ್ಪು ಮುಟ್ಟಿದರೆ ಹುಳು ಹಸಿರು ಕಕ್ಕಿ ಸಾಯುತ್ತದೆ. ಒಗ್ಗರಣೆಯ ಘಾಟು ಆಗುವುದಿಲ್ಲ. ಆವಲಪ್ಪನವರೂ ಅವರ ಆಳುಗಳೂ ಹೊಗೆಸೊಪ್ಪಿಲ್ಲದೆ ಬಾಯಿ ತೆರೆಯುವವರಲ್ಲ. ಓರಗಿತ್ತಿ ಗಂಗುಲಮ್ಮ ಬೆಳಗಿನಿಂದ ಸಂಜೆವರೆಗೆ ಒಲೆ ಮುಂದೆ. ಅಂದರೆ ಒಳಗೆ ಹೋಗಬಲ್ಲ ಕೈ ಒಂದೇ, ಆ ಕೈಯಿದ್ದವಳಿಗೆ ಕಾಲಿಲ್ಲ. ನಾಲ್ಕನೇ ಜ್ವರ ಎದ್ದ ಮೇಲಂತೂ ಹುಳು ಮಳೆ ಸುರಿದ ಹಾಗೆ ಸದ್ದು ಮಾಡುತ್ತ ತಿನ್ನುತ್ತದೆ, ಬುಟ್ಟಿಗಟ್ಟಲೆ ಸೊಪ್ಪು ಹೊತ್ತು ಹಾಕುತ್ತಲೇ ಇರಬೇಕು.

"ಆವಲಪ್ಪ ಬಾವ ಹೇಳ್ಬಿಟ್ಟಿದ್ದಾರೆ," ಅಂದ ಲಕ್ಷ್ಮಯ್ಯ. "ನನ್ನ ಆಳುಗಳನ್ನ ಕೇಳ್ದೆ ಈ ಬೆಳೆ ಗೂಡು ಕಟ್ಟಿದ್ರೆ ತೋಟ ಇರ್ಲಿ. ಇಲ್ಲದಿದ್ರೆ ನೇರಳೆ ಕಿತ್ತು ಆಲೂಗಡ್ಡೆ ಹಾಕ್ತೀನಿ ಅಂತ. ಅಕ್ಕ ಊಟ ಬಿಟ್ಟು ಕೂತವ್ಳೆ ಕಣಣ್ಣ."

ನಾನು ಎದ್ದು ಡಬ್ಬಿ ತೆಗೆದೆ.

ಆಮೇಲಿನ ಆ ದಿನಗಳನ್ನು ನೆನೆದರೆ ಈಗಲೂ ಕೈ ಸುಮ್ಮನಿರುವುದಿಲ್ಲ. ಗುಜರಿಯ ಲಾರಿ ಡೈನಮೋಗೆ ಲಕ್ಷ್ಮಯ್ಯ ಹೊಸ ತಂತಿ ಸುತ್ತಿ ಮೋಟಾರು ಮಾಡಿದ. ಸೈಕಲ್ ಚೈನು ಹಾಕಿ ವೇಗ ಇಳಿಸಿದ. ಹಿಂದೆ ಎರಡು ಚಕ್ರ, ಮುಂದೆ ತಿರುಗುವ ಒಂದು ಚಕ್ರ, ಮೇಲೆ ಮಾವಿನ ಹಲಗೆ, ಹಲಗೆ ಕೆಳಗೆ ಲಾರಿ ಬ್ಯಾಟರಿ. ಬ್ಯಾಟರಿ ರೇಡಿಯೋ ಒಂದರ ವಾಲ್ವು ತಂದು ನಾನು ಕೊಟ್ಟ ಕಣ್ಣಿಗೆ ಜೋಡಿಸಿದ, ಪಕ್ಕದಲ್ಲಿ ನೆಲಕ್ಕೆ ಬೆಳಕು ಬೀಳುವಂತೆ ಒಂದು ಪುಟ್ಟ ಬಲ್ಬು ಇಟ್ಟ. ಕಣ್ಣಿಗೆ ಬಿಳಿ ಕಂಡರೆ ಮುಂದಿನ ಚಕ್ರ ಬಲಕ್ಕೆ, ಕಪ್ಪು ಕಂಡರೆ ಎಡಕ್ಕೆ. ಅಷ್ಟೇ ಅದರ ಬುದ್ಧಿ. ಆದರೆ ಅಷ್ಟರಲ್ಲೇ ಅದು ಗೆರೆಯ ಅಂಚು ಹಿಡಿದು ಹೋಗುತ್ತಿತ್ತು, ಗೆರೆ ಮುಗಿದ ಕಡೆ ತುದಿ ಸುತ್ತಿ ಇನ್ನೊಂದು ಅಂಚು ಹಿಡಿದು ವಾಪಸು ಬರುತ್ತಿತ್ತು. ಮುಂದೆ ಕಟ್ಟಿದ ಬಿದಿರು ಪಟ್ಟಿಗೆ ಏನಾದರೂ ತಾಕಿದರೆ ನಿಲ್ಲುವುದು, ಅಡ್ಡ ತೆಗೆದರೆ ಹೊರಡುವುದು.

ಮೊದಲ ಸಲ ಅಂಗಡಿ ಮುಂದೆ ಬಿಟ್ಟಾಗ ಅದು ಸೇಂದಿ ಕುಡಿದವನ ಹಾಗೆ ಆ ಕಡೆ ಈ ಕಡೆ ವಾಲಾಡಿ ಸೀದಾ ಕಡಲೆಕಾಯಿ ಮಾರುವ ಆಂಜಿನಮ್ಮನ ಬುಟ್ಟಿಗೆ ಹೋಗಿ ಮುಟ್ಟಿ ನಿಂತಿತು. "ಏಮಪ್ಪಾ ಇದಿ, ಏನಿದು? ದುಡ್ಡಿಲ್ಲದೆ ಬಂದೈತೆ ಗಿರಾಕಿ," ಅಂದಳು ಆಕೆ. ಬಿಸಿಲು ಕಣ್ಣನ್ನು ಕೆಡಿಸುತ್ತಿದೆ ಅಂತ ನನಗೆ ಹೊಳೆಯಿತು, ಟೆಂಟಿನಲ್ಲಿ ಒಂದೊಂದು ತೂತಿಗೂ ಕರಿಬಟ್ಟೆ ಹೊಲಿಯುವವನು ನಾನು. ಗಾಡಿಯ ಸುತ್ತ ಗೋಣಿಚೀಲ ಇಳಿಬಿಟ್ಟೆವು. ಲಂಗ ಉಟ್ಟ ಗಾಡಿ ಗೆರೆ ಬಿಡದೆ ಬಸ್‌ಸ್ಟ್ಯಾಂಡಿನ ಬೇವಿನ ಮರದವರೆಗೆ ಹೋಗಿ ಬಂತು. ಗೂಡಿನ ಮಾರುಕಟ್ಟೆಗೆ ಹೊರಟಿದ್ದವರು ಮೂಟೆ ಹೊತ್ತೇ ನಿಂತು ನೋಡಿದರು. ಒಬ್ಬ ಮುದುಕ ಬಗ್ಗಿ ಗೋಣಿ ಎತ್ತಿ ಒಳಗೆ ಯಾರು ಕೂತಿದ್ದಾರೆ ಅಂತ ಹುಡುಕಿದ.

ಹಳ್ಳಿಗೆ ಎತ್ತಿನಗಾಡಿಯಲ್ಲಿ ಒಯ್ದೆವು. ರಾಮಲಕ್ಷ್ಮಮ್ಮ ಹುಳುಮನೆಯ ಹೊಸ್ತಿಲಲ್ಲಿ ಮಣೆ ಮೇಲೆ ಕೂತಿದ್ದಳು, ಕಟ್ಟು ಹಾಕಿದ ಕಾಲು ಮುಂದೆ ಚಾಚಿ. ಗಾಡಿಯನ್ನು ಕಣ್ಣಿನಿಂದಲ್ಲ, ಮೂಗಿನಿಂದ ನೋಡಿದಳು.

"ಗ್ರೀಸ್ ವಾಸನೆ. ಇದು ಒಳಗೆ ಬರಂಗಿಲ್ಲ."

"ಅಕ್ಕ, ಗ್ರೀಸಿಲ್ದೆ ಚಕ್ರ ತಿರುಗಲ್ಲ."

"ಸ್ನಾನ ಮಾಡಿಸು."

"ಮೋಟಾರಿಗಾ?"

"ನೀನೂ ಮಾಡು, ಅದಕ್ಕೂ ಮಾಡ್ಸು. ನಿನ್ನ ಜೊತೆ ಬಂದಿರೋ ಯಪ್ಪನ ಹತ್ರ ಬೀಡಿ ವಾಸನೆ ಬರ್ತೈತೆ, ಅವರು ಆ ಕಿಟಕಿ ಆಚೆ ನಿಂತ್ಕೊಳ್ಳಲಿ."

ನಾನು ಕಿಟಕಿಯ ಆಚೆ ನಿಂತೆ. ಲಕ್ಷ್ಮಯ್ಯ ಗ್ರೀಸನ್ನೆಲ್ಲ ಕೆರೆದು, ಸೀಗೆಪುಡಿ ಹಾಕಿ ಚಕ್ರ ಚೈನು ತಿಕ್ಕಿ, ಹರಳೆಣ್ಣೆ ಬಿಟ್ಟ. ತಾನೂ ಮಿಂದು ಬಂದು, ಅಂಗಳದಾಚೆಯ ಸೊಪ್ಪಿನ ಕೋಣೆಯಿಂದ ಹುಳುಮನೆಯೊಳಗಿನ ತಟ್ಟೆಗಳ ಸಾಲಿನ ಕೊನೆಯವರೆಗೆ ಸುಣ್ಣದ ಗೆರೆ ಎಳೆದ. ಸೆಗಣಿ ಸಾರಿಸಿದ ನೆಲ ಹಸಿರುಗಪ್ಪಾಗಿತ್ತು, ಗೆರೆ ಮಲ್ಲಿಗೆ ಹಾರದ ಹಾಗೆ ಎದ್ದು ಕಂಡಿತು. ಗಂಗುಲಮ್ಮ, ಒಲೆ ಹಚ್ಚುವ ಮುಂಚೆ ತಾನೇ ಕೊಯ್ದು ತುಂಬಿಟ್ಟಿದ್ದ ಸೊಪ್ಪಿನ ಬುಟ್ಟಿಯನ್ನು ದೂರದಿಂದಲೇ ಬಿದಿರು ಕೋಲಿನಲ್ಲಿ ಎತ್ತಿ ಹಲಗೆ ಮೇಲೆ ಇಟ್ಟಳು.

ಗಾಡಿ ಹೊರಟಿತು. ಅಂಗಳ ದಾಟಿತು. ಹೊಸ್ತಿಲಿಗೆ ಇಟ್ಟ ಹಲಗೆ ಹತ್ತಿತು, ಇಳಿಯಿತು. ಇರುವೆ ಬಾರದಂತೆ ನೀರಿನ ಬಟ್ಟಲಲ್ಲಿ ಕಾಲಿಟ್ಟು ನಿಂತ ತಟ್ಟೆ ಸ್ಟ್ಯಾಂಡುಗಳ ನಡುವೆ, ಒಂದು ಬಟ್ಟಲೂ ಮುಟ್ಟದೆ, ಸರಸರ ಹೋಗಿ, ಮಣೆ ಎಳೆದುಕೊಂಡು ಸಾಲಿನ ಕೊನೆಗೆ ಸರಿದಿದ್ದ ರಾಮಲಕ್ಷ್ಮಮ್ಮ ಅಡ್ಡ ಹಿಡಿದ ಕೋಲಿಗೆ ತಾಕಿ ನಿಂತಿತು. ಅವಳು ಬುಟ್ಟಿ ಎಳೆದುಕೊಂಡಳು. ಕೋಲು ತೆಗೆದಳು. ಗಾಡಿ ಗೆರೆಯ ತುದಿ ಸುತ್ತಿ, ಬಂದ ದಾರಿಯಲ್ಲೇ ಹೊರಟುಹೋಯಿತು. ಅದು ಬಾಗಿಲು ದಾಟುವವರೆಗೆ ನೋಡುತ್ತಿದ್ದವಳು ಹೇಳಿದಳು, "ಗಂಗುಲಮ್ಮಕ್ಕ, ಇನ್ನೊಂದು ಬುಟ್ಟಿ ಹಾಕು. ಹುಳಕ್ಕೆ ಮಾತ್ರ ಅಲ್ಲ, ನನಗೂ ಹಸಿವಾಗ್ತೈತೆ, ಮುದ್ದೆ ಮಾಡಿದ್ರೆ ಅದರ ಮೇಲೇ ಕಳ್ಸು."

ನಾನು ಕಿಟಕಿಯ ಸರಳಿಗೆ ಮುಖ ಒತ್ತಿ ನೋಡುತ್ತಿದ್ದೆ. ಲಕ್ಷ್ಮಯ್ಯ ಗಾಡಿಯ ಹಿಂದೆ ಹಿಂದೆಯೇ ಓಡಾಡುತ್ತಿದ್ದ, ಹೊಸದಾಗಿ ನಡೆಯಲು ಕಲಿತ ಮಗುವಿನ ಹಿಂದೆ ಓಡಾಡುವ ಹಾಗೆ.

ಮಾರನೆಯ ಬೆಳಿಗ್ಗೆ ಎಡವಟ್ಟಾಯಿತು. ಗಂಗುಲಮ್ಮನಿಗೆ ಗಾಡಿಯ ಮೇಲೆ ಪ್ರೀತಿ ಹುಟ್ಟಿಬಿಟ್ಟಿತ್ತು. ಮನೆಗೆ ಬಂದ ಹೊಸ ಎತ್ತಿಗೆ ಮಾಡುವಂತೆ ಅದಕ್ಕೂ ಅರಿಶಿನ ಕುಂಕುಮ ಇಟ್ಟು, ಅದು ಹೊರಡುವ ಜಾಗದಲ್ಲಿ, ಸುಣ್ಣದ ಗೆರೆಗೆ ತಾಗುವಂತೆಯೇ, ದೊಡ್ಡದಾಗಿ ಎಂಟು ದಳದ ರಂಗೋಲಿ ಹಾಕಿದಳು. ಸೊಪ್ಪು ಹೊತ್ತ ಗಾಡಿ ಹೊರಟು, ರಂಗೋಲಿಯ ಅಂಚು ಹಿಡಿದು, ಒಂದೊಂದೇ ದಳವನ್ನು ಬಳಸಿ ಸುತ್ತಲಾರಂಭಿಸಿತು. ಒಳಗೆ ಹುಳು ಹಸಿದಿದೆ, ರಾಮಲಕ್ಷ್ಮಮ್ಮ ಕೋಲು ಹಿಡಿದು ಕಾಯುತ್ತಿದ್ದಾಳೆ, ಇಲ್ಲಿ ಗಾಡಿ ಸುತ್ತುತ್ತಲೇ ಇದೆ.

ಆವಲಪ್ಪನವರು ಜಗಲಿಯಿಂದ ನೋಡಿ ಹೊಗೆಸೊಪ್ಪು ಉಗಿದು ಬಂದರು. ಒರಟರೇನಲ್ಲ, ಆದರೆ ನಗುವ ಅವಕಾಶ ಬಿಡುವವರೂ ಅಲ್ಲ. "ಏನು ಲಕ್ಷ್ಮಯ್ಯ, ನಿನ್ನ ಯಂತ್ರಕ್ಕೆ ಭಕ್ತಿ ಜಾಸ್ತಿ ಆದಂಗೈತೆ. ಪ್ರದಕ್ಷಿಣೆ ಮುಗಿಸಿ ಸೊಪ್ಪು ಕೊಡೋ ಹೊತ್ತಿಗೆ ನನ್ನ ಆಲೂಗಡ್ಡೆ ಮೊಳಕೆ ಬಂದಿರ್ತೈತೆ."

ಲಕ್ಷ್ಮಯ್ಯ ಗಾಡಿ ಎತ್ತಿ ಗೆರೆಗೆ ಹಚ್ಚಿದ. "ಅತ್ತಿಗೆಮ್ಮ, ರಂಗೋಲಿ ಬೇರೆ ಕಡೆ ಹಾಕಿ," ಅಂದ.

"ಬಾಗಿಲಿಗೆ ರಂಗೋಲಿ ಇಲ್ದೆ ಇರಾಕಾಗ್ತದೇನಪ್ಪ," ಅಂದಳು ಗಂಗುಲಮ್ಮ. ಆದರೆ ಅವಳ ಕಣ್ಣು ಲಕ್ಷ್ಮಯ್ಯನ ಮೇಲಿರಲಿಲ್ಲ, ರಂಗೋಲಿಯ ಮೇಲಿತ್ತು. ಗೆರೆಗೂ ದಳಕ್ಕೂ ನಡುವೆ ಒಂದು ಬೆರಳು ಎಳೆದು ಅಳಿಸಿದಳು. "ಈಗ ಬಿಡು ನೋಡಣ," ಅಂದಳು. ಗಾಡಿ ರಂಗೋಲಿಯ ಪಕ್ಕದಲ್ಲೇ ಹಾದು ಸೀದಾ ಹೋಯಿತು. "ಓ, ಹಂಗಾ," ಅಂದಳು, ತನಗೆ ತಾನೇ.

ಹಿಂದಿನ ಸಂಜೆಯ ಆಟ ಸಹಾಯಕನ ಕೈಗೆ ಬಿಟ್ಟು ಬಂದಿದ್ದ ನಾನು ಅಂದು ಸಂಜೆಯ ಆಟಕ್ಕೆ ಟೆಂಟಿಗೆ ಮರಳಬೇಕಿತ್ತು. ಲಕ್ಷ್ಮಯ್ಯನೂ ಅಂಗಡಿಗೆ ಬಂದ, ಊರಿನ ಪಂಪುಗಳೆಲ್ಲ ಅವನ ಬಾಗಿಲಲ್ಲಿ ಬಿದ್ದಿದ್ದವು. ದಿನ ಬಿಟ್ಟು ದಿನ ಚಾರ್ಜು ಮಾಡಿದ ಬ್ಯಾಟರಿಯನ್ನು ಮಂಡಿಕಲ್ ಬಸ್ಸಿನ ಮೇಲೆ ಹಾಕಿ ಕಳಿಸುತ್ತಿದ್ದೆವು. ಹಳೆಯದರ ಜೊತೆಗೆ ಗಂಗುಲಮ್ಮನ ಹೇಳಿಕೆ ಕಂಡಕ್ಟರನ ಬಾಯಲ್ಲಿ ಬರುತ್ತಿತ್ತು: ನಡೀತೈತಂತೆ, ಚೆನ್ನಾಗೈತಂತೆ.

ಹುಳು ಹಣ್ಣಾಗುವ ದಿನ ಹತ್ತಿರ ಬಂತು. ಹಣ್ಣಾದ ಹುಳು ತಿನ್ನುವುದನ್ನು ಬಿಟ್ಟು ತಲೆ ಎತ್ತಿ ಗೂಡು ಕಟ್ಟುವ ಜಾಗ ಹುಡುಕುತ್ತದೆ. ಆಗ ಒಂದೊಂದನ್ನೇ ಆಯ್ದು, ಚಂದ್ರಂಕಿ ಎನ್ನುವ ಬಿದಿರಿನ ಸುರುಳಿ ತಟ್ಟಿಗೆ ಬಿಡಬೇಕು. ತಡವಾದರೆ ರೇಷ್ಮೆಯೆಲ್ಲ ತಟ್ಟೆಯ ಕಸಕ್ಕೆ. ಅವತ್ತಿಗೆ ಎಷ್ಟು ಕೈ ಇದ್ದರೂ ಸಾಲದು. "ಈ ಕೆಲಸ ಗಾಡಿ ಕೈಲಾಗಲ್ಲ," ಅಂತ, ಆ ದಿನ ನಾವಿಬ್ಬರೂ ಹಳ್ಳಿಗೆ ಹೊರಟಾಗ, ಲಕ್ಷ್ಮಯ್ಯ ದಾರಿಯುದ್ದಕ್ಕೂ ಬಸ್ಸಿನಲ್ಲಿ ಪೇಚಾಡಿದ. "ನಾನಿರ್ತೀನಿ, ಆದ್ರೆ ನಾನೊಬ್ಬ."

ಮಧ್ಯಾಹ್ನ ನಾವು ಮನೆ ಮುಟ್ಟಿದಾಗ ಅಂಗಳ ನೋಡಿ ಇಬ್ಬರೂ ನಿಂತುಬಿಟ್ಟೆವು. ಲಕ್ಷ್ಮಯ್ಯ ಎಳೆದ ಒಂದೇ ಗೆರೆಯ ಜಾಗದಲ್ಲಿ ಈಗ ರಂಗೋಲಿಪುಡಿಯ ದಾರಿಗಳು ಬಳ್ಳಿಯ ಹಾಗೆ ಹರಡಿದ್ದವು. ಹುಳುಮನೆಯಿಂದ ಹೊರಟ ಒಂದು ಬಳ್ಳಿ ತೆಂಗಿನ ಗರಿಯ ಚಪ್ಪರದ ಕೆಳಗೆ ಒರಗಿಸಿದ್ದ ಚಂದ್ರಂಕಿಗಳ ಸಾಲಿಗೆ ಹೋಗಿತ್ತು. ಆ ದಾರಿಯ ಮೇಲೆ ಗೋಣಿ ಲಂಗದ ಗಾಡಿ ಬರುತ್ತಿತ್ತು. ಗಾಡಿಯ ಮೇಲೆ, ಮಡಿಲಲ್ಲಿ ಹಣ್ಣುಹುಳುವಿನ ಮೊರ ಇಟ್ಟುಕೊಂಡು, ಕಟ್ಟಿದ ಕಾಲನ್ನು ನೀಟಾಗಿ ಚಾಚಿ, ರಾಮಲಕ್ಷ್ಮಮ್ಮ ಕೂತಿದ್ದಳು.

"ಅಕ್ಕ, ಆ ಮೋಟಾರು ಅಷ್ಟು ತೂಕ..." ಅಂದ ಲಕ್ಷ್ಮಯ್ಯ.

"ನಾನೇನು ಅಷ್ಟು ದಪ್ಪ ಇದ್ದೀನೇನೋ," ಅಂದಳು ಹೋಗುತ್ತಲೇ.

ಗಂಗುಲಮ್ಮ ಅವತ್ತು ಒಲೆ ಹಚ್ಚಿರಲಿಲ್ಲ. ತಲೆಗೆ ಎರೆದುಕೊಂಡು ಚಪ್ಪರದಲ್ಲಿ ಕೂತು ಹುಳು ಬಿಡುತ್ತಿದ್ದಳು. ಗಾಡಿ ಸಾಲಿನ ಯಾವ ಚಂದ್ರಂಕಿಗೆ ಹೋಗಬೇಕೋ ಅಲ್ಲಿಗೆ ಚಿಟಿಕೆ ಪುಡಿ ಬಿಟ್ಟು ದಾರಿ ತೆರೆಯುವಳು, ತುಂಬಿದ ಮೇಲೆ ಬೆರಳಿನಿಂದ ಅಳಿಸಿ ಮುಚ್ಚುವಳು. ಲಕ್ಷ್ಮಯ್ಯ ನನ್ನ ತೋಳು ಹಿಡಿದುಕೊಂಡ. "ಮುನಿಶಾಮಣ್ಣ, ನಾನು ಒಂದೂರಿಗೆ ಹೋಗೋ ಗಾಡಿ ಮಾಡ್ದೆ. ಅತ್ತಿಗೆಮ್ಮ ಎಲ್ಲಾ ಊರಿಗೂ ಕಳಿಸ್ತಾವ್ರೆ." ಅವನ ಉಗುರು ನನ್ನ ಚರ್ಮಕ್ಕೆ ನಾಟಿತ್ತು, ಅವನಿಗೆ ಅದು ಗೊತ್ತಿರಲಿಲ್ಲ. ಮರುಕ್ಷಣ ಮೀಯಲು ಓಡಿದ.

ಬಿಸಿಲು ವಾಲುವ ಹೊತ್ತಿಗೆ ಆವಲಪ್ಪನವರು ಹೊಲದಿಂದ ಬಂದರು. ಅಂಗಳಕ್ಕೆ ಕಾಲಿಟ್ಟು ಬಿಳಿ ದಾರಿಯ ಮೇಲೆಯೇ ನಿಂತರು. ಗಾಡಿ ನಿಧಾನವಾಗಿ ಬಂದು ಅವರ ಮೊಣಕಾಲಿಗೆ ಪಟ್ಟಿ ತಾಗಿಸಿ ನಿಂತಿತು. ಮೇಲೆ ಕೂತಿದ್ದ ರಾಮಲಕ್ಷ್ಮಮ್ಮ ಸೆರಗು ತಲೆಮೇಲೆ ಎಳೆದುಕೊಂಡಳು. ಬಾವನ ಜೊತೆ ನೇರ ಮಾತಾಡುವ ರೂಢಿ ಆ ಮನೆಯಲ್ಲಿರಲಿಲ್ಲ.

"ಗಂಗುಲಮ್ಮಕ್ಕ," ಅಂದಳು, ಬೇರೆ ಕಡೆ ನೋಡುತ್ತ, "ಹುಳು ಹಣ್ಣಾಗೈತೆ. ದಾರೀಲಿ ನಿಂತೋರು ಸ್ವಲ್ಪ ಪಕ್ಕಕ್ಕೆ ಹೋದ್ರೆ ಗಾಡಿ ಹೋಗ್ತೈತೆ ಅಂತ ಹೇಳು."

"ಕೇಳಿಸ್ತೇನು?" ಅಂದಳು ಗಂಗುಲಮ್ಮ ಗಂಡನಿಗೆ.

ಆವಲಪ್ಪನವರು ಪಕ್ಕಕ್ಕೆ ಸರಿದರು. ಗಾಡಿ ಹೊರಟಿತು. ಅವರು ಸಾಲಾಗಿ ನಿಂತ ಚಂದ್ರಂಕಿಗಳನ್ನು ನೋಡಿದರು. ಬೆಳಿಗ್ಗೆ ಬಿಟ್ಟ ಹುಳುಗಳು ಆಗಲೇ ತಮ್ಮ ಸುತ್ತ ತೆಳ್ಳನೆ ಹಳದಿ ಬಲೆ ನೇಯ್ದುಕೊಂಡಿದ್ದವು. ಬಾಗಿಲಿನಿಂದ ಹುಳುಮನೆಯೊಳಗೆ ಇಣುಕಿದರು. ಇನ್ನೂ ನಾಲ್ಕೈದು ತಟ್ಟೆ ಉಳಿದಿತ್ತು. ಅವರ ಬಾಯಿ ಹೊಗೆಸೊಪ್ಪು ಅಗಿಯುವುದನ್ನು ನಿಲ್ಲಿಸಿತ್ತು.

"ಆಳು ಯಾರನ್ನಾದ್ರೂ ಕರೆದ್ರೇನು?" ಅಂದರು.

"ಯಾರನ್ನೂ ಇಲ್ಲ. ಬೇಕಾದ್ರೆ ಎಣಿಸ್ಕೋ, ಅವಳು, ನಾನು, ಅವಳ ತಮ್ಮ. ಕಿಟಕಿ ಹತ್ರ ಬೀಡಿ ಯಪ್ಪ ಸುಮ್ನೆ ನಿಂತವ್ನೆ."

ಆವಲಪ್ಪನವರು ಬಚ್ಚಲ ಕಡೆ ನಡೆದರು. ನೀರು ಸುರಿಯುವ ಸದ್ದು ಬಹಳ ಹೊತ್ತು ಕೇಳಿತು. ಬೂದಿ ಹಾಕಿ ಹಲ್ಲು ತಿಕ್ಕಿ, ಸೀಗೆಪುಡಿಯಲ್ಲಿ ಕೈ ಉಜ್ಜಿ, ಒದ್ದೆ ಪಂಚೆಯಲ್ಲೇ ಬಂದು ಹೆಂಡತಿಯ ಮುಂದೆ ಎರಡೂ ಕೈ ಚಾಚಿದರು. ಗಂಗುಲಮ್ಮ ಮೂಸಿ ನೋಡಿದಳು. "ಇನ್ನೊಂದ್ ಸಲ," ಅಂದಳು. ಆಳುಗಳನ್ನು ಗದರುವ ಮನುಷ್ಯ ಮತ್ತೆ ಬಚ್ಚಲಿಗೆ ಹೋದರು.

ಎರಡನೆಯ ಸಲ ಪಾಸಾಗಿ ಹುಳುಮನೆಯ ಹೊಸ್ತಿಲು ದಾಟುವ ಮುಂಚೆ ನಿಂತು, ಕೊಟ್ಟಿಗೆಯಲ್ಲಿದ್ದ ಆಳಿನ ಕಡೆ ತಿರುಗಿ ಕೂಗಿದರು. "ಮುನಿನಾರಾಯಣ, ನಾಳೆ ನೇಗಿಲು ಕೆರೆ ಕೆಳಗಿನ ಹೊಲಕ್ಕೆ ಹೊಡ್ಕೊಂಡು ಹೋಗು. ಆಲೂಗಡ್ಡೆ ಅಲ್ಲೇ ಹಾಕಣ. ಸೊಪ್ಪಿನ ತೋಟದ ಹತ್ರ ಹೋಗ್ಬೇಡ."

ರಾಮಲಕ್ಷ್ಮಮ್ಮನ ಗಾಡಿ ಆಗ ಚಪ್ಪರದ ಸಾಲಿನ ತುದಿ ಸುತ್ತಿ ತಿರುಗುತ್ತಿತ್ತು. ಮಾತು ಕೇಳಿಸಿದ್ದೇ ತಡ, ಸೆರಗಿನಿಂದ ಮುಖ ಒತ್ತಿಕೊಂಡಳು. ಆಮೇಲೆ ಖಾಲಿ ಮೊರ ಎತ್ತಿ ಹಿಡಿದು, "ಗಂಗುಲಮ್ಮಕ್ಕ," ಅಂದಳು, "ಒಳಗಿರೋರಿಗೆ ಹೇಳು, ಹುಳ ಹಿಡಿಯೋವಾಗ ಹಿಸುಕಬಾರದು. ಆಲೂಗಡ್ಡೆ ಅಲ್ಲ ಅದು."

"ಕೇಳಿಸ್ತು ಕಣಮ್ಮ," ಅಂತ ಒಳಗಿನಿಂದ ಆವಲಪ್ಪನವರೇ ನೇರವಾಗಿ ಹೇಳಿದರು.