ತೆರೆಯೋದೋ, ಕೀಳೋದೋ?

ಬೆಳಿಗ್ಗೆ ಸೊಸೆ ಮರಗೆಲಸದ ಅಂಗಡಿಗೆ ಬಂದು ನೋಡಿದರೆ, ಕಂಪ್ಯೂಟರಿನ ಪಟ್ಟಿಯಲ್ಲಿ ಮಂಚದ ಕೆಲಸವೇ ಇಲ್ಲ. ಕುರ್ಚಿ ಇತ್ತು, ಕಿಟಕಿಯ ಚೌಕಟ್ಟು ಇತ್ತು, ಯಾರದೋ ಮುರಿದ ಮೇಜಿನ ಕಾಲೂ ಇತ್ತು. ಮಕ್ಕಳ ಆಸ್ಪತ್ರೆಯವರು ಮಾಡಲು ಹೇಳಿದ್ದ ಮಂಚಗಳು ಮಾತ್ರ ಮಾಯ. ಆ ಅಂಗಡಿಗೆ ಅಷ್ಟು ದೊಡ್ಡ ಕೆಲಸ ಹಿಂದೆಂದೂ ಬಂದಿರಲಿಲ್ಲ. ಶುಕ್ರವಾರದೊಳಗೆ ಮಂಚ ತಲುಪದಿದ್ದರೆ ಅದು ಬೇರೆಯವರ ಪಾಲಾಗುತ್ತಿತ್ತು.

"ನಿನ್ನ ಹೂಂಗುಟ್ಟಪ್ಪ ನುಂಗಿ ನೀರು ಕುಡಿದ ನೋಡಮ್ಮಾ," ಎಂದರು ಬಡಗಿ ಮಾವ. ಅವರ ಕಿವಿಯ ಮೇಲೆ ಪೆನ್ಸಿಲ್ ಇತ್ತು, ಹುಬ್ಬಿನ ಮೇಲೆ ಮರದ ಪುಡಿ.

ಹೂಂಗುಟ್ಟಪ್ಪ ಎಂದರೆ ಎಐ ಸಹಾಯಕ. ಯಾವ ಕೆಲಸ ಯಾರ ಕೈಯಲ್ಲಿದೆ, ಯಾವಾಗ ಮುಗಿಯಬೇಕು ಎಂದು ನೋಡಿಕೊಳ್ಳುವ ತಂತ್ರಾಂಶಕ್ಕೆ ಸೊಸೆ ಅದನ್ನು ಜೋಡಿಸಿದ್ದಳು. ಏನು ಹೇಳಿದರೂ ಅದು "ಆಗಲಿ" ಅನ್ನುತ್ತಿತ್ತು. ಅದಕ್ಕೇ ಮಾವ ಆ ಹೆಸರಿಟ್ಟಿದ್ದರು.

"ಅದನ್ನ ಮೊದಲು ಮನೆಯಿಂದ ಆಚೆ ಹಾಕು. ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರ್ಕೊಂಡ್ರೆ ಸಾಕು."

ಆದರೆ ಮಂಚದ ಅಳತೆಗಳೆಲ್ಲ ಆ ತಂತ್ರಾಂಶದಲ್ಲೇ ಇದ್ದವು. ಸೊಸೆ ಪಕ್ಕದ ಮನೆಗೆ ಓಡಿದಳು. ಅಲ್ಲಿನ ಅಕ್ಕನ ಉದ್ಯೋಗವೇ ಕಚೇರಿಗಳಿಗೆ ಇಂಥ ತಂತ್ರಾಂಶ ಹಾಕಿಕೊಡುವುದು. ಅಕ್ಕ ಒದ್ದೆ ಕೂದಲಲ್ಲೇ ಬಂದು ಕೂತಳು.

"ನಿನ್ನೆ ಇದಕ್ಕೆ ಏನಂತ ಹೇಳ್ದೆ?"

"ಮಂಚದ ಕೆಲಸ ತೆಗಿ ಅಂದೆ ಅಕ್ಕಾ. ಅಳತೆ ನೋಡ್ಬೇಕಿತ್ತು. ಅಷ್ಟರಲ್ಲಿ ಗಿರಾಕಿ ಬಂದ್ರು, ಎದ್ದುಹೋದೆ."

"ಅದು ತೆಗೀತು. ಬುಡಸಮೇತ ತೆಗೀತು." ಅಕ್ಕ ತಂತ್ರಾಂಶದ ಕಸದಬುಟ್ಟಿಯಲ್ಲಿ ಹುಡುಕಿದಳು. ಮಂಚದ ಕೆಲಸ ಅಲ್ಲಿತ್ತು. ಅದನ್ನು ಮರಳಿ ಪಟ್ಟಿಗೆ ತಂದಾಗ ಸೊಸೆಗೆ ಹೋದ ಜೀವ ಬಂದ ಹಾಗಾಯಿತು.

ಮಾವ ಬಿಡಲಿಲ್ಲ. "ಇವತ್ತು ಸಿಕ್ತು. ನಾಳೆ? ಕುಣಿಯೋಕೆ ಬಾರದೋನು ನೆಲ ಡೊಂಕು ಅಂದನಂತೆ. ಇದರ ಪರವಾಗಿ ನೀವಿಬ್ರೂ ನೆಪ ಹುಡುಕ್ಬೇಡಿ."

"ಈ ಸಲ ನೆಲಾನೇ ಡೊಂಕು ದೊಡ್ಡಪ್ಪ," ಎಂದಳು ಅಕ್ಕ. "ಅದಕ್ಕೆ ಕೈಕಾಲಿಲ್ಲ. ನಾವು ಕೊಟ್ಟ ಟೂಲ್‌ಗಳೇ ಅದರ ಕೈ."

"ಟೂಲಾ? ಉಳೀನೋ, ಗರಗಸಾನೋ?"

"ಹಾಗೇ ಅಂದ್ಕೊಳ್ಳಿ. ಕೆಲಸ ತೋರಿಸೋಕೆ ಒಂದು, ಅಳಿಸೋಕೆ ಒಂದು. ಯಾವಾಗ ಯಾವುದನ್ನ ಹಿಡೀಬೇಕು ಅಂತ ಅದು ತಿಳ್ಕೊಳ್ಳೋದು ನಾವು ಬರೆದ ವಿವರಣೆ ಓದಿ. ಅಳಿಸೋ ಟೂಲ್‌ಗೆ ನಿಮ್ಮ ಮನೇಲಿ ಏನು ಬರ್ದಿದ್ದೀರಿ ನೋಡಿ."

'ಕೆಲಸ ತೆಗೆಯುತ್ತದೆ' ಎಂದಿತ್ತು. ಅಷ್ಟೇ.

"ನಾನೇ ಬರೆದಿದ್ದು," ಎಂದಳು ಸೊಸೆ ಮೆಲ್ಲಗೆ.

"ಸರಿಯಾಗೇ ಇದೆಯಲ್ಲ?" ಎಂದರು ಮಾವ.

ಅಕ್ಕ ಒಳಕೋಣೆಯ ಕಡೆ ಕೈ ತೋರಿಸಿದಳು. "ದೊಡ್ಡಪ್ಪ, ಆ ಬಾಗಿಲು ತೆಗೀರಿ."

ಮಾವ ಎದ್ದು ಹೋದರು. ಆ ಬಾಗಿಲಿನ ಕೀಲು ಸಡಿಲವಾಗಿ ಬಹಳ ದಿನವಾಗಿತ್ತು. ಒಂದು ಕೈ ಚಿಲಕದ ಮೇಲಿಟ್ಟು, ಇನ್ನೊಂದರಲ್ಲಿ ಸ್ಕ್ರೂಡ್ರೈವರ್ ಹಿಡಿದು ಅವರು ತಿರುಗಿ ನೋಡಿದರು. "ತೆರೆಯೋದೋ, ಕೀಳೋದೋ?"

"ನೋಡಿ, ನೀವು ಕೇಳಿದ್ರಿ. ಅದು ಕೇಳ್ಲಿಲ್ಲ. ಕೇಳು ಅಂತ ನಾವೂ ಬರೆದಿರ್ಲಿಲ್ಲ."

ಮಾವ ಸ್ಕ್ರೂಡ್ರೈವರ್ ಕೆಳಗಿಟ್ಟರು. ಆಮೇಲೆ ಬಂದು ಸ್ಟೂಲಿನ ಮೇಲೆ ಕೂತು, "ಹಾಗಾದ್ರೆ ನೆಟ್ಟಗೆ ಬರೀರಿ," ಎಂದರು.

ಮೂವರೂ ಕೂಡಿ ಬರೆದರು. ಮೊದಲನೆಯದು ಹೀಗಾಯಿತು: 'ಕೆಲಸ ತೋರಿಸು. ಒಂದು ಕೆಲಸದ ಅಳತೆ, ಗಡುವು, ಯಾರ ಹೊಣೆ ಎಂಬುದನ್ನು ತೋರಿಸುತ್ತದೆ. ಏನನ್ನೂ ಬದಲಿಸುವುದಿಲ್ಲ. ಕೆಲಸದ ಸಂಖ್ಯೆ ಕೊಡಬೇಕು; ಗೊತ್ತಿಲ್ಲದಿದ್ದರೆ ಮೊದಲು ಹೆಸರಿನಿಂದ ಹುಡುಕಿ.'

ಇನ್ನೊಂದು: 'ಕೆಲಸ ಅಳಿಸು. ಕೆಲಸವನ್ನು ಪಟ್ಟಿಯಿಂದ ಕಸದಬುಟ್ಟಿಗೆ ಹಾಕುತ್ತದೆ. ಗಿರಾಕಿ ಬೇಡವೆಂದಾಗ ಮಾತ್ರ ಬಳಸಿ. ಅಳಿಸುವ ಮೊದಲು ಕೆಲಸದ ಹೆಸರು ಹೇಳಿ ಒಪ್ಪಿಗೆ ಕೇಳಿ. "ತೆಗೆ" ಎಂದರೆ ತೋರಿಸುವುದೋ ಅಳಿಸುವುದೋ ತಿಳಿಯದಿದ್ದರೆ, ಕೇಳಿ.'

"ತಡಿ ತಡಿ," ಎಂದರು ಮಾವ. "ಮುಗಿದ ಕೆಲಸಾನೂ ತೆಗೆದುಬಿಡು ಅಂತೀವಿ ನಾವು."

"ಒಳ್ಳೇದು ಹೇಳಿದ್ರಿ," ಎಂದು ಅಕ್ಕ ಸೇರಿಸಿದಳು: 'ಮುಗಿದ ಕೆಲಸಕ್ಕೆ ಇದನ್ನು ಬಳಸಬೇಡಿ. ಅದಕ್ಕೆ "ಮುಗಿಯಿತೆಂದು ಗುರುತಿಸು" ಇದೆ.'

ಮಾವ ಕುರ್ಚಿ ಎಳೆದುಕೊಂಡು, ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದರು: 'ಮಂಚದ ಕೆಲಸ ತೆಗಿ.'

ಸೊಸೆ ಸೆರಗು ಹಿಂಡುತ್ತ ನಿಂತಳು. ಪರದೆಯ ಮೇಲೆ ಸಾಲು ಮೂಡಿತು: 'ಮಕ್ಕಳ ಆಸ್ಪತ್ರೆಯ ಮಂಚದ ಕೆಲಸವನ್ನು ತೋರಿಸಲೇ, ಪಟ್ಟಿಯಿಂದ ಅಳಿಸಲೇ?'

"ಅಬ್ಬಾ, ಹೂಂಗುಟ್ಟಪ್ಪನಿಗೆ ಬುದ್ಧಿ ಬಂತು," ಎಂದರು ಮಾವ.

"ಬುದ್ಧಿ ಮೊದಲೇ ಇತ್ತು ದೊಡ್ಡಪ್ಪ. ದಾರಿ ಇವತ್ತು ಸಿಕ್ತು."

ಅಳತೆ ಕಣ್ಣ ಮುಂದೆ ಬಂತು. ಗರಗಸ ಹಾಡತೊಡಗಿತು. ಶುಕ್ರವಾರ ಮಧ್ಯಾಹ್ನಕ್ಕೆ ಮುಂಚೆಯೇ ಮಂಚಗಳು ಆಸ್ಪತ್ರೆಯ ಮೆಟ್ಟಿಲು ಹತ್ತಿದವು. ನರ್ಸಮ್ಮ ಒಂದು ಕೈಯಲ್ಲಿ ಮಗು ಎತ್ತಿಕೊಂಡೇ, ಇನ್ನೊಂದು ಕೈಯಲ್ಲಿ ಮಂಚದ ಪಕ್ಕದ ಕಟಕಟೆ ಇಳಿಸಿ, ಮಗುವನ್ನು ಮಲಗಿಸಿ, ಕಟಕಟೆಯನ್ನು ಮತ್ತೆ ಏರಿಸಿದರು. ಸದ್ದೇ ಆಗಲಿಲ್ಲ. "ಮೇಲಿನ ವಾರ್ಡಿಗೂ ನೀವೇ ಮಾಡ್ಕೊಡಿ," ಎಂದರು.

ಮಾವ ಎದೆಯುಬ್ಬಿಸಿ ಸೊಸೆಯ ಕಡೆ ತಿರುಗಿದರು. "ಹೋಗಮ್ಮಾ, ಈ ಹೊಸ ಕೆಲಸ ಪಟ್ಟಿಗೆ ಸೇರಿಸು ಅಂತ ನಮ್ಮ ಹೂಂಗುಟ್ಟಪ್ಪನಿಗೆ ಹೇಳು. ಬಿಡಿಸಿ ಹೇಳು."

ನಿಮ್ಮ ಅಂಗಡಿಯಲ್ಲಿ, ಕಚೇರಿಯಲ್ಲಿ, ಸಂಘದಲ್ಲಿ ಇಂಥ ಸಹಾಯಕ ಇದ್ದರೆ, ಅದರ ಟೂಲ್‌ಗಳ ವಿವರಣೆಯನ್ನು ಇವತ್ತೇ ಓದಿ. ಅದು ಏನು ಮಾಡುತ್ತದೆ, ಯಾವಾಗ ಬಳಸಬೇಕು, ಯಾವಾಗ ಬಳಸಬಾರದು, ಏನು ಕೊಡಬೇಕು ಎಂದು ಬಿಡಿಸಿ ಬರೆಯಿರಿ. ಅಳಿಸುವಂಥದ್ದಾದರೆ ಮೊದಲು ಕೇಳಬೇಕೆಂದು ಬರೆಯಿರಿ. ಬರೆದದ್ದನ್ನು ಮನೆಯವರ ಕೈಗೆ ಕೊಟ್ಟು ಓದಿಸಿ. ಅವರು "ಅಂದ್ರೆ ಯಾವುದು?" ಎಂದು ಎಲ್ಲಿ ನಿಲ್ಲುತ್ತಾರೋ, ಅಲ್ಲೇ ಇನ್ನೊಂದು ಸಾಲು ಸೇರಿಸಿ.